ಮೇನ್ ಬ್ಲಾಕ್ ಆಗಿದೆಯಂತೆ

ನಮ್ಮ ಕಾಂತರಾಜನಿಗೆ ಕೆಲಸ ಇತ್ತು, ಆದರೆ ಆ ಕೆಲಸ ಏನೆಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ಬಂದಿದ್ದರೆ ನಮ್ಮೂರು ಊರಿಗಾಂನಲ್ಲಿ ಅಷ್ಟು ಬಿಂದಿಗೆಗಳು ಬೀದಿಗೆ ಬರುತ್ತಿರಲಿಲ್ಲ, ಅವನ ತಂಗಿಯ ನಿಶ್ಚಿತಾರ್ಥ ಅಡಿಗೆಯವರ ಹೊಗೆಯ ನಡುವೆ ಸಿಕ್ಕಿ ಒದ್ದಾಡುತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಹೇಳುತ್ತೇನೆ.

ನಮ್ಮಿಬ್ಬರದೂ ಗಣಿಯವರು ಕಟ್ಟಿಸಿದ ಒಂದೇ ಲೈನಿನ, ಅಂದರೆ ಒಂದೇ ಸಾಲಿನ ಮನೆಗಳು, ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಕೆಮ್ಮುತ್ತೇವೆ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲನ್ನು ಇಬ್ಬರೂ ಹತ್ತುತ್ತೇವೆ. ನಾನು ಬಂಗಾರಪೇಟೆಯಲ್ಲಿ ಇಳಿದು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. ಪೈಪು, ನಲ್ಲಿ, ವಾಲ್ವು, ವಾಷರು ಮಾರುವುದು ನನ್ನ ಕಸುಬು. ಅವನು ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಗೆ ಹೋಗಿ ಸಂಜೆ ವಾಪಸ್ಸು ಬರುತ್ತಾನೆ. ಅಲ್ಲಿ ಏನು ಮಾಡುತ್ತೀಯ ಎಂದು ಎಷ್ಟೋ ಸಲ ಕೇಳಿದ್ದೆ. ಅವನೂ ಎಷ್ಟೋ ಸಲ ಹೇಳಿದ್ದ. ಅವನು ವಿಷಯಕ್ಕೆ ಬರುವ ಹೊತ್ತಿಗೆ ಬಂಗಾರಪೇಟೆ ಬಂದುಬಿಡುತ್ತಿತ್ತು.

ಈಗ ನನಗೆ ಗೊತ್ತು, ಹೇಳಿಬಿಡುತ್ತೇನೆ. ಅವನ ಕಂಪನಿಯವರು ಅಂಗಡಿಗಳಿಗೆ ಬೇಕಾದ ಒಂದು ಆ್ಯಪ್ ಮಾಡುತ್ತಾರೆ. ಅದರಲ್ಲಿ ಯಾರಾದರೂ ಒಂದು ಸಾಲು ಬದಲಾಯಿಸಿದರೆ ಸಾಕು, ಮಿಷನ್ನು ತಾನಾಗಿಯೇ ಇಡೀ ಆ್ಯಪನ್ನು ಪರೀಕ್ಷೆ ಮಾಡಿ ಇದು ಪಾಸು, ಇದು ಫೇಲು ಅನ್ನುತ್ತದೆ. ಹೀಗೆ ಕಟ್ಟಿ, ಪರೀಕ್ಷಿಸಿ, ಮುಂದಕ್ಕೆ ತಳ್ಳುವ ದಾರಿಗೆ ಅವರು ಇಟ್ಟಿರುವ ಹೆಸರು ಪೈಪ್‌ಲೈನ್. ಕಟ್ಟುವುದಕ್ಕೆ ಬಿಲ್ಡ್, ಆ್ಯಪಿನ ಮೂಲ ಪ್ರತಿಗೆ ಮೇನ್, ಗಿರಾಕಿಗಳಿಗೆ ಬಿಡುವುದಕ್ಕೆ ರಿಲೀಸ್ ಅನ್ನುತ್ತಾರೆ. ಆ ಫಲಿತಾಂಶಗಳನ್ನೆಲ್ಲ ಇನ್ನೊಂದು ಕಡೆ ಸೇರಿಸಿಡಬೇಕು. ದೊಡ್ಡವರು ನೋಡುವುದು ಅಲ್ಲಿ. ಅದರ ಹೆಸರು ಟೂಲ್. ಇಲ್ಲಿಯದನ್ನು ಅಲ್ಲಿಗೆ ಕಾಂತರಾಜ ಕೈಯಲ್ಲೇ ಬರೆದು ಸೇರಿಸುತ್ತಿದ್ದ. ಅವನ ಮೇಲಧಿಕಾರಿ ಸಹನ ಮೇಡಂ, ಇನ್ನು ಮೇಲೆ ಅದು ತಾನಾಗಿಯೇ ಹೋಗಬೇಕು, ಜೊತೆಗೆ ಎಲ್ಲರ ಫೋನಿಗೂ ಒಂದು ಮೆಸೇಜು ಬರಬೇಕು, ನೀವೇ ಮಾಡಿ ಎಂದರು. ಅವನು ಅದನ್ನು ಮಾಡುತ್ತಿದ್ದ. ಅಷ್ಟೇ ವಿಷಯ. ಆಗ ಇದು ನನಗೆ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಕಾಂತರಾಜನಿಗೆ ಎಷ್ಟು ಗೊತ್ತಿತ್ತು ಎಂಬ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ.

ಅವನ ತಂಗಿ ಶ್ಯಾಮಲ ಬಂಗಾರಪೇಟೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ. ಪಾಪದ ಹುಡುಗಿಗೆ ಮೊದಲು ಬಂದ ಎರಡು ಸಂಬಂಧಗಳು ಅಣ್ಣನ ಕೆಲಸ ಕೇಳಿಯೇ ಎದ್ದುಹೋಗಿದ್ದವು. ಒಬ್ಬರಿಗೆ ಅವನು ಅರ್ಧ ಗಂಟೆ ವಿವರಿಸಿದ, ಅವರು ಹುಡುಗಿಯ ಅಣ್ಣನಿಗೆ ತಲೆ ಸರಿಯಿಲ್ಲ ಎಂದುಕೊಂಡರು. ಇನ್ನೊಬ್ಬರಿಗೆ ಏನೂ ಹೇಳಲಿಲ್ಲ, ಅವರು ಕೆಲಸವೇ ಇಲ್ಲ ಎಂದುಕೊಂಡರು. ಮೂರನೆಯದು ಬಂಗಾರಪೇಟೆ ಹತ್ತಿರದ ಹಳ್ಳಿಯ ಮುನಿಸ್ವಾಮಪ್ಪನವರ ಮಗ ಚಿರಂಜೀವಿ. ಮನೆಯಲ್ಲಿ ಹಸುಗಳು, ಡೈರಿಗೆ ಹಾಲು, ಒಳ್ಳೇ ಹುಡುಗ. ಶ್ಯಾಮಲಳಿಗೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಮೊದಲೇ ಪರಿಚಯ. ಅದು ಎಂಥ ಪರಿಚಯ ಎಂದು ನನ್ನ ಹೆಂಡತಿಗೆ ಗೊತ್ತಿತ್ತು, ಆದ್ದರಿಂದ ನನಗೂ ಗೊತ್ತಿತ್ತು.

ಹುಡುಗನ ಕಡೆಯವರು ಬರುವ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಶ್ಯಾಮಲಳ ಮಾತು ಕೇಳಿಸಿತು.

"ಅಣ್ಣ, ಕೈ ಮುಗಿತೀನಿ. ಈ ಸತಿ ಕೇಳಿದ್ರೆ ಒಂದೇ ಮಾತಲ್ಲಿ ಏಳ್ಬಿಡು. ಈ ಸಂಬಂಧ ತಪ್ಪೋದ್ರೆ ಇನ್ಯಾರ ಮುಂದೇನೂ ನಾನು ಕಾಫಿ ತಟ್ಟೆ ಇಡ್ಕೊಂಡು ನಿಂತ್ಕೊಳಲ್ಲ. ನೀನೇ ಇಡ್ಕೊಂಡು ನಿಂತ್ಕೋ."

"ಒಂದೇ ಮಾತಲ್ಲಿ ಏಳ್ತೀನಿ ಕಣಮ್ಮಿ," ಎಂದ ಕಾಂತರಾಜ.

ಅವನ ತಾಯಿ ಕನಕಮ್ಮ ಪಕ್ಕದ ಮನೆಯವರೆಂದು ನನ್ನನ್ನೂ ಕರೆದು ಕೂರಿಸಿದ್ದರು. ಮುನಿಸ್ವಾಮಪ್ಪ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ದೊಡ್ಡ ಮೀಸೆ. ಹುಡುಗಿ ಬಂದಳು, ಕಾಫಿ ಕೊಟ್ಟಳು, ಒಳಗೆ ಹೋದಳು. ಮುನಿಸ್ವಾಮಪ್ಪ ಲೋಟ ಕೆಳಗಿಟ್ಟು ಕಾಂತರಾಜನ ಕಡೆ ತಿರುಗಿದರು.

"ನೀನೇನ್ ಕೆಲ್ಸ ಮಾಡ್ತೀಯಪ್ಪಾ?"

"ಟೆಸ್ಟಿಂಗು," ಎಂದ ಕಾಂತರಾಜ. ಒಂದೇ ಮಾತು.

"ರಕ್ತದ್ದಾ?"

"ಅಲ್ಲ."

"ಮತ್ತೆ ಉಚ್ಚೇದಾ?"

ಒಳಗಿನಿಂದ ಪಾತ್ರೆ ಬಿದ್ದ ಶಬ್ದ ಬಂತು. ಅದು ಬಿದ್ದದ್ದಲ್ಲ, ಶ್ಯಾಮಲ ಕುಕ್ಕಿದ್ದು. ಕನಕಮ್ಮ ಮಗನನ್ನು ಗುರಾಯಿಸಿದರು. ಕಾಂತರಾಜ ಬೆವರಿದ, ಎದೆ ಸೆಟೆಸಿದ, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಒಂದು ಮಾತು ಆಡಿದ.

"ನಾನು ಪೈಪ್‌ಲೈನ್ ನೋಡ್ಕೊತೀನಿ ಯಜಮಾನ್ರೇ. ಇಡೀ ಪೈಪ್‌ಲೈನ್ ನನ್ನ ಕೈಲೈತೆ."

ಮುನಿಸ್ವಾಮಪ್ಪ ಕೆಳಗಿಟ್ಟಿದ್ದ ಲೋಟವನ್ನು ಮತ್ತೆ ಕೈಗೆ ತೆಗೆದುಕೊಂಡರು. ನಮ್ಮ ಕಡೆ ಈ ಶಬ್ದಕ್ಕೆ ಇರುವ ತೂಕ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಮ್ಮ ಲೈನಿಗೆ ಬೇತಮಂಗಲದ ಕೆರೆಯ ನೀರು ಪೈಪಿನಲ್ಲಿ ಬರಬೇಕು, ಅದು ಮನಸ್ಸು ಬಂದಾಗ ಬರುತ್ತದೆ. ಮುನಿಸ್ವಾಮಪ್ಪನವರ ಹಳ್ಳಿಗಂತೂ ಪೈಪು ಬರುತ್ತದೆ ಎಂಬ ಮಾತು ಮಾತ್ರ ಬಂದಿತ್ತು.

"ಎಲ್ಲಿಂದ ಎಲ್ಲೀಗಂಟ ನೋಡ್ಕೊತೀಯಾ?" ಎಂದು ಕೇಳಿದರು, ದನಿ ತಗ್ಗಿಸಿ.

"ಬಿಲ್ಡ್‌ನಿಂದ ಟೂಲ್‌ಗಂಟ."

"ಬಿಲ್ಡಿಂಗ್‌ಗೆಲ್ಲಾ ಕೊಡ್ತೀಯಾ! ದಿನಾ ಬತ್ತದಾ?"

"ದಿನಕ್ಕೆ ಐದಾರು ಸತಿ ಬತ್ತದೆ. ಕೆಲವು ದಿನ ಇನ್ನೂ ಜಾಸ್ತಿ. ನಿಲ್ಸೋಕೇ ಆಗಲ್ಲ."

"ಅಬ್ಬೋ!" ಎಂದರು ಮುನಿಸ್ವಾಮಪ್ಪ. ದಿನಕ್ಕೆ ಐದಾರು ಸಲ ಎಂಬ ಮಾತು ಕೇಳಿ ನಾನೂ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಾನು ಪೈಪು ಮಾರುವವನು, ಅದರಲ್ಲಿ ನೀರು ಐದಾರು ಸಲ ಬಂದದ್ದನ್ನು ಕಂಡವನಲ್ಲ. ಇಷ್ಟು ವರ್ಷ ರೈಲಿನಲ್ಲಿ ಪಕ್ಕದಲ್ಲಿ ಕೂತು ಈ ಕಳ್ಳ ಒಂದು ಮಾತು ಬಾಯಿ ಬಿಟ್ಟಿಲ್ಲವಲ್ಲ ಎಂದು ಸಿಟ್ಟೂ ಬಂತು.

ಮುನಿಸ್ವಾಮಪ್ಪ ಎದ್ದು ನಿಂತು ಟವೆಲ್ಲು ಕೊಡವಿ, "ಅಮ್ಮಾ ಕನಕಮ್ಮ, ಉಡ್ಗಿ ನಮ್ಮನೆಯೋಳು ಅಂದ್ಕೊಳ್ಳಿ," ಎಂದರು. ಅವರು ಹೋದ ಮೇಲೆ ಕಾಂತರಾಜ ನನ್ನ ಕೈ ಹಿಡಿದುಕೊಂಡು, "ನೋಡಿದ್ರಾ ಅಣ್ಣ, ಹಳ್ಳಿಯೋರಾದ್ರೂ ನನ್ನ ಕೆಲ್ಸ ಒಂದೇ ಏಟಿಗೆ ಅರ್ಥ ಮಾಡ್ಕೊಂಡ್ರು," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಸುದ್ದಿಯನ್ನು ಹಬ್ಬಿಸಿದವರು ಯಾರು ಎಂದು ಕೇಳಬೇಡಿ. ಸಂಜೆಯೊಳಗೆ ಇಡೀ ಲೈನಿಗೆ ಗೊತ್ತಾಯಿತು. ಮೂರನೇ ಮನೆಯ ವೆಂಕಟರತ್ನಮ್ಮ, ಯುಗಾದಿಗೂ ಒಂದು ಒಬ್ಬಟ್ಟು ಕೊಡದ ಹೆಂಗಸು, ತಟ್ಟೆ ತುಂಬ ಕೋಡುಬಳೆ ತಂದು ಕಾಂತರಾಜನ ಮುಂದಿಟ್ಟರು.

"ತಿನ್ನಪ್ಪಾ ಬಂಗಾರ. ಮುಂದಿಂದು ಯಾವಾಗ ಬತ್ತದೆ?"

ಕಾಂತರಾಜನಿಗೆ ಆಶ್ಚರ್ಯ. ಇವರಿಗೂ ತನ್ನ ಕೆಲಸದ ಮೇಲೆ ಇಷ್ಟು ಆಸಕ್ತಿಯೇ! ಫೋನು ನೋಡಿ, "ರಾತ್ರಿ ಶುರುವಾಗ್ತದೆ ಅಕ್ಕಾ, ಬೆಳಿಗ್ಗೆ ಅಷ್ಟೊತ್ಗೆ ಬಂದುಬಿಡ್ತದೆ," ಎಂದ.

ಬೆಳಿಗ್ಗೆ ನೀರು ಬಂತು. ಇದಕ್ಕೆ ನಾನೇನು ಮಾಡಲಿ? ಬಂತು ಅಂದರೆ ಬಂತು, ಅದೂ ಗಂಟೆಗಟ್ಟಲೆ. ಆ ಹೊತ್ತಿನಿಂದ ಕಾಂತರಾಜನಿಗೆ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ. ಯಾರಾದರೂ ಅವನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದರೆ ಅವನ ಬದಲು ನಾನೇ ಉತ್ತರ ಕೊಡುತ್ತಿದ್ದೆ. ಪೈಪಿನ ವಿಷಯದಲ್ಲಿ ನನಗಿಂತ ಬಲ್ಲವರು ಯಾರು?

ಮುಂದಿನ ಭಾನುವಾರ ಬಂಗಾರಪೇಟೆಯ ಒಂದು ಛತ್ರದಲ್ಲಿ ನಿಶ್ಚಿತಾರ್ಥ ಎಂದು ನಿಗದಿಯಾಯಿತು. ಎರಡೂ ಕಡೆಯವರಿಗೆ ಸುದ್ದಿ ಮುಟ್ಟಿಸಲು ಚಿರಂಜೀವಿ ಫೋನಿನಲ್ಲಿ ಒಂದು ಗ್ರೂಪು ಮಾಡಿ ಅದಕ್ಕೆ "ಎಂಗೇಜ್‌ಮೆಂಟ್" ಎಂದು ಹೆಸರಿಟ್ಟ. ತಪ್ಪು ಅವನದಲ್ಲ. ಕಾಂತರಾಜನ ಆಫೀಸಿನಲ್ಲಿ ಗಿರಾಕಿಗಳನ್ನು ಹಿಡಿದಿಟ್ಟುಕೊಳ್ಳುವ ಕೆಲಸಕ್ಕೂ ಎಂಗೇಜ್‌ಮೆಂಟ್ ಅನ್ನುತ್ತಾರಂತೆ, ಅವರ ಗ್ರೂಪಿನ ಹೆಸರೂ ಅದೇ. ಗಿರಾಕಿಗೂ ಕಂಪನಿಗೂ ನಿಶ್ಚಿತಾರ್ಥ ಏತಕ್ಕೆ ಎಂದು ನಾನು ಆಮೇಲೆ ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಅಂತೂ ಪೈಪ್‌ಲೈನಿನ ಫಲಿತಾಂಶ ತಾನಾಗಿಯೇ ಟೂಲಿಗೆ ಹೋಗುವ ಹಾಗೆ ಮಾಡಿ, ಮೆಸೇಜು ಹೋಗಬೇಕಾದ ಜಾಗದಲ್ಲಿ ಮೊದಲು ಕಂಡ ಎಂಗೇಜ್‌ಮೆಂಟ್ ಎಂಬುದನ್ನು ಒತ್ತಿ, ಎಲ್ಲ ಸರಿಯಾಯಿತೆಂದು ಅವನು ಹಾಯಾಗಿ ಮುದ್ದೆ ಉಂಡ.

ಶುಕ್ರವಾರ ಸಂಜೆ ನನ್ನ ಫೋನು ಕಿರ್ರೆಂದಿತು. ಗ್ರೂಪಿನಲ್ಲಿ ಯಾರೋ ಹೂವಿನ ಚಿತ್ರ ಹಾಕಿದ್ದರು, ಯಾರೋ ಎಲೆ ಅಡಿಕೆ ಯಾರು ತರುತ್ತೀರಿ ಎಂದು ಕೇಳಿದ್ದರು. ಅದರ ಕೆಳಗೆ ಇಂಗ್ಲಿಷಿನಲ್ಲಿ, ಕೆಂಪು ಗುರುತುಗಳ ಸಮೇತ ಹೀಗಿತ್ತು: "ಪೈಪ್‌ಲೈನ್ ಫೇಲ್ಡ್. ಮೇನ್ ಬ್ಲಾಕ್ಡ್. ಲೀಕ್ ಟೆಸ್ಟ್ ಫೇಲ್ಡ್. ಅಪ್‌ಸ್ಟ್ರೀಮ್ ಬ್ರೋಕನ್. ಡೌನ್‌ಸ್ಟ್ರೀಮ್ ಸ್ಕಿಪ್ಡ್."

ವೆಂಕಟರತ್ನಮ್ಮ ಓಡಿ ಬಂದರು. ಅವರ ಹಿಂದೆ ಅರ್ಧ ಲೈನು ಬಂತು.

"ಅಂಗಡಿಯಣ್ಣಾ, ಏನಂತೆ ಇದು? ಕನ್ನಡದಾಗೆ ಏಳು."

ನಾನು ಕನ್ನಡಕ ಹಾಕಿಕೊಂಡೆ. "ಮೇನ್ ಬ್ಲಾಕ್ ಆಗಿದೆಯಂತೆ. ಅಂದರೆ ದೊಡ್ಡ ಪೈಪು ಕಟ್ಟಿಕೊಂಡಿದೆ. ಲೀಕ್ ಕೂಡ ಇದೆ. ಅಪ್‌ಸ್ಟ್ರೀಮ್ ಅಂದರೆ ಮೇಲ್ಗಡೆ, ಅಲ್ಲಿ ಒಡೆದಿದೆ. ಡೌನ್‌ಸ್ಟ್ರೀಮ್‌ಗೆ, ಅಂದರೆ ಕೆಳಗಡೆಯವರಿಗೆ, ಬಿಡುವುದಿಲ್ಲ."

"ಕೆಳಗಡೆಯೋರು ಅಂದ್ರೆ ಯಾರು?"

"ಯಾರೇನು, ನಾವೇ."

ಆಮೇಲೆ ನಡೆದದ್ದನ್ನು ಕಣ್ಣಾರೆ ನೋಡಬೇಕಿತ್ತು. ಬಿಂದಿಗೆ, ಕೊಡ, ಡ್ರಮ್ಮು, ಬಕೆಟ್ಟು ಎಲ್ಲ ಹೊರಗೆ ಬಂದವು. ಎರಡನೇ ಲೈನಿನ ಕಲಾ ತನ್ನ ಮದುವೆಗೆ ಉಡುಗೊರೆ ಬಂದ ಬೆಳ್ಳಿ ಚೊಂಬನ್ನೂ ತುಂಬಿಸಿಟ್ಟಳು. ನನ್ನ ಹೆಂಡತಿ ಕುಕ್ಕರಿಗೆ ನೀರು ತುಂಬಿ ಮುಚ್ಚಳ ಹಾಕಿ ಸೀಟಿಯನ್ನೂ ಇಟ್ಟಳು. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಆಗಲಿಲ್ಲ. ಇದ್ದ ನೀರನ್ನೆಲ್ಲ ಎಲ್ಲರೂ ಒಟ್ಟಿಗೆ ಹಿಡಿದದ್ದರಿಂದ ಬೀದಿಯ ತೊಟ್ಟಿ ಬರಿದಾಯಿತು. ತೊಟ್ಟಿ ಬರಿದಾದದ್ದನ್ನು ಕಂಡು, ಮೆಸೇಜು ನಿಜ ಎಂದು ಎಲ್ಲರಿಗೂ ಖಾತ್ರಿಯಾಯಿತು.

ನೀರು ಬಿಡುವ ಸುಬ್ರಮಣಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಹಿಡಿದು ಶನಿವಾರ ಬೆಳಿಗ್ಗೆಯೇ ಬಂದ. ಅವನದು ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಕೋಪ.

"ಎನ್ನ ಸಾರ್ ಇದು? ವಾಲ್ವ್ ಕೀ ನನ್ ಕೈಲಿದೆ. ಮೇನ್ ಬ್ಲಾಕ್ ಅಂತ ಯಾರ್ ಸೊನ್ನಾಂಗೊ, ಯಾರ್ ಹೇಳಿದ್ದು?"

"ಮೇಲಿಂದ ಮೆಸೇಜು ಬಂದಿದೆ," ಎಂದೆ ನಾನು.

"ಮೇಲಿಂದಾ?" ಸುಬ್ರಮಣಿಯ ದನಿ ಇಳಿಯಿತು. ಮೇಲಿನಿಂದ ಅವನಿಗೆ ಇದುವರೆಗೆ ಯಾವ ವಿಷಯವೂ ಬಂದಿರಲಿಲ್ಲವಾದ್ದರಿಂದ, ಬಂದಿರಲಾರದು ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ನಮ್ಮೆದುರಿಗೇ ತನ್ನ ಆಫೀಸಿಗೆ ಫೋನು ಮಾಡಿದ. ಅಲ್ಲಿದ್ದವರಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸ ಇರಲಿಲ್ಲವಾದ್ದರಿಂದ, "ಹೌದು, ಗಮನಕ್ಕೆ ಬಂದಿದೆ, ಪರಿಶೀಲನೆಯಲ್ಲಿದೆ," ಎಂದರು. ಸುಬ್ರಮಣಿ ಫೋನು ಇಳಿಸಿ, ಕೀಯನ್ನು ಗೋಡೆಗೆ ಒರಗಿಸಿ, ನಮ್ಮ ಜೊತೆ ತಾನೂ ಕೂತ.

ಅಷ್ಟೊತ್ತಿಗೆ ಕಾಂತರಾಜ ಹೊರಗೆ ಬಂದ. ಶನಿವಾರ ಅವನು ಮನೆಯಿಂದಲೇ ಕೆಲಸ ಮಾಡುತ್ತಾನೆ. ಒಂದು ಕೈಯಲ್ಲಿ ತಾಯಿ ಹೊರಿಸಿದ ಬಿಂದಿಗೆ, ಇನ್ನೊಂದರಲ್ಲಿ ಫೋನು. ಫೋನು ಬಡಿದುಕೊಂಡಿತು. ಬಿಂದಿಗೆ ಇಳಿಸಲಾಗದೆ ಅವನು ಸ್ಪೀಕರಿಗೆ ಹಾಕಿದ. ಸಹನ ಮೇಡಂ ದನಿ ಇಡೀ ಬೀದಿಗೆ ಕೇಳಿತು.

"ಕಾಂತರಾಜ್, ಗ್ರೂಪ್‌ಗೆ ಮೆಸೇಜ್ ಬರ್ತಾನೇ ಇಲ್ವಲ್ಲ?"

"ಬರ್ತಿದೆ ಮೇಡಂ. ಎಲ್ಲರೂ ನೋಡಿ ಕೈ ಮುಗೀತಿದಾರೆ."

"ಕೈ ಮುಗೀತಿದಾರಾ? ಯಾರು? ಸರಿ ಬಿಡಿ, ಅಪ್‌ಸ್ಟ್ರೀಮ್ ಇನ್ನೂ ಸರಿಯಾಗಿಲ್ಲ. ನಾನು ಹೇಳೋವರೆಗೂ ಏನನ್ನೂ ರಿಲೀಸ್ ಮಾಡ್ಬೇಡಿ."

ಮೊದಲು ಎದ್ದವರು ವೆಂಕಟರತ್ನಮ್ಮ. ಕಾಂತರಾಜನ ಕೈಯಿಂದ ಫೋನು ಕಿತ್ತುಕೊಂಡರು.

"ಯಾರಮ್ಮಾ ನೀನು? ಬಿಡ್ಬೇಡ ಅನ್ನೋಕೆ ನೀನ್ಯಾರು? ನಿಮ್ಮನೇಗೆ ಮಾತ್ರ ಬಂದ್ರೆ ಸಾಕಾ? ಇಲ್ಲಿ ಮಕ್ಳು ಮರಿ ಇಟ್ಕೊಂಡು ಎಷ್ಟು ದಿನ ಕಾಯಾನಾ?"

ಆ ಕಡೆಯಿಂದ ಬಹಳ ವಿನಯದ ದನಿ ಬಂತು. "ಸಾರಿ ಮೇಡಂ, ತಾವು ಕಸ್ಟಮರಾ? ತುಂಬ ಸಾರಿ. ನಿಮಗೆ ತೊಂದರೆ ಆಗ್ತಿದೆ ಅಂತ ನಮಗೆ ಗೊತ್ತು. ಸೋಮವಾರ ಖಂಡಿತ ರಿಲೀಸ್ ಮಾಡ್ತೀವಿ."

"ಎಷ್ಟೊತ್ಗೆ?"

"ಬೆಳಿಗ್ಗೆ ಮೇಡಂ."

"ನಿಲ್ದಂಗೆ ಬಿಡ್ಬೇಕು. ಅರ್ಧಕ್ಕೆ ನಿಲ್ಸಿದ್ರೆ ಅಲ್ಲೀಗೇ ಬತ್ತೀನಿ," ಎಂದು ವೆಂಕಟರತ್ನಮ್ಮ ಫೋನು ವಾಪಸ್ಸು ಕೊಟ್ಟರು. ಸುಬ್ರಮಣಿ ಎದ್ದು ನಿಂತು ಅವರಿಗೆ ನಮಸ್ಕಾರ ಮಾಡಿದ. ಅವನ ಆಫೀಸಿನಲ್ಲಿ ಯಾರೂ ಯಾರಿಗೂ ಸಾರಿ ಹೇಳಿದ್ದನ್ನು ಅವನು ಕಂಡಿರಲಿಲ್ಲವಂತೆ. ಕಾಂತರಾಜ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದ. ಮೂರನೇ ಮನೆಯ ವೆಂಕಟರತ್ನಮ್ಮ ತನ್ನ ಕಂಪನಿಯ ಕಸ್ಟಮರ್ ಆದದ್ದು ಯಾವಾಗ ಎಂದು ನನ್ನನ್ನೇ ಕೇಳಿದ.

ಭಾನುವಾರ ಛತ್ರದಲ್ಲಿ ಕಾಲಿಡಲು ಜಾಗವಿಲ್ಲ. ಕನಕಮ್ಮ ಕರೆದದ್ದು ನಾಲ್ಕು ಮನೆಯವರನ್ನು ಮತ್ತು ಸುಬ್ರಮಣಿಯನ್ನು. ನಮ್ಮಲ್ಲಿ ಯಾವ ಶುಭಕಾರ್ಯಕ್ಕೂ ನೀರು ಬಿಡುವವನನ್ನು ಕರೆಯದೆ ಇರುವಷ್ಟು ಧೈರ್ಯ ಯಾರಿಗೂ ಇಲ್ಲ. ಮುನಿಸ್ವಾಮಪ್ಪನವರ ಕಡೆಯಿಂದ ಮಾತ್ರ ಇಡೀ ಹಳ್ಳಿ ಬಂದಿತ್ತು. ಬೀಗರು ಪೈಪ್‌ಲೈನಿನವರು ಎಂದು ಅವರು ಡೈರಿಯ ಮುಂದೆ ನಿಂತು ಬೆಳಿಗ್ಗೆ ಸಂಜೆ ಸಾರಿದ್ದರಂತೆ. ಹಳ್ಳಿಯವರು ಹುಡುಗಿಯ ಮುಖ ನೋಡಲಿಲ್ಲ, ನೇರವಾಗಿ ಕಾಂತರಾಜನ ಸುತ್ತ ಕೂತರು. ಒಬ್ಬರಿಗೆ ಕೊಟ್ಟಿಗೆಯ ಹತ್ತಿರ ನಲ್ಲಿ ಬೇಕು, ಒಬ್ಬರಿಗೆ ದೇವಸ್ಥಾನದ ಹತ್ತಿರ ಬೇಕು, ಇಬ್ಬರಿಗೆ ಪರಸ್ಪರರ ಮನೆಯ ಹತ್ತಿರ ಇರಕೂಡದು.

"ಎಲ್ಲಾರ್ಗೂ ಸೇರಿಸಬೋದು," ಎಂದ ಕಾಂತರಾಜ, ಇದೆಲ್ಲ ಏನು ಎಂಬುದು ತಿಳಿಯದೆ. "ಗ್ರೂಪಲ್ಲಿ ನಂಬರ್ ಹಾಕಿದ್ರೆ ಸಾಕು, ಎಲ್ಲಾರ್ಗೂ ಬತ್ತದೆ."

ಅವರು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಪಾಯಸ ಕುಡಿಯುತ್ತಿದ್ದ ಸುಬ್ರಮಣಿ ಲೋಟ ಇಳಿಸಿ ಮುನಿಸ್ವಾಮಪ್ಪನವರ ಪಕ್ಕ ಸರಿದ.

"ಯಜಮಾನ್ರೇ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಇವರು ಎಂದ ಆಫೀಸು, ಎಲ್ಲಿ ಕೆಲ್ಸ? ನಮ್ ಆಫೀಸ್‌ಲ ಈ ಪೇರೇ ಇಲ್ಲೆ, ಹೆಸರೇ ಇಲ್ಲ. ಯಾವ ಆಫೀಸು?"

ಮುನಿಸ್ವಾಮಪ್ಪನವರ ಮೀಸೆ ಒಂದು ಸಲ ಅಲುಗಿತು. ಅವರು ಎದ್ದು ಕಾಂತರಾಜನ ತೋಳು ಹಿಡಿದು ಹಿಂದಿನ ಅಡಿಗೆಮನೆಗೆ ಎಳೆದುಕೊಂಡು ಹೋದರು. ಪೈಪಿನ ವಿಷಯವಾದ್ದರಿಂದ ನಾನೂ ಹೋದೆ. ಕನಕಮ್ಮ ಬಾಗಿಲಲ್ಲಿ ನಿಂತರು. ಒಳಗೆ ವಡೆ ಕರಿಯುತ್ತಿದ್ದರು, ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು.

"ನೀನು ನೀರಿನ ಆಫೀಸು, ಅಲ್ವೇನಪ್ಪಾ?"

"ಅಲ್ಲ ಮಾವ. ಯಾರಂದ್ರು?"

"ಯಾರಂದ್ರಾ! ನೀನೇ ಅಂದಿದ್ದು ಕಣಯ್ಯಾ, ಪೈಪ್‌ಲೈನ್ ನನ್ನ ಕೈಲೈತೆ ಅಂತ."

"ಐತಲ್ಲ ಮಾವ."

"ಅದ್ರಾಗೆ ಏನ್ ಬತ್ತದೆ?"

"ರಿಸಲ್ಟ್ ಬತ್ತದೆ."

ಮುನಿಸ್ವಾಮಪ್ಪ ನನ್ನ ಮುಖ ನೋಡಿದರು. ನಾನು ಸಾರಿನ ಕೊಳಗ ನೋಡಿದೆ.

"ರಿಸಲ್ಟ್ ಅಂದ್ರೆ? ಅಸುಗಳ್ಗೆ ಕುಡ್ಸೋಕಾಯ್ತದಾ?"

"ಇಲ್ಲ ಮಾವ. ಅದು ಕಂಪ್ಯೂಟರ್‌ನಾಗೆ ಬತ್ತದೆ, ಅಲ್ಲಿಂದ ಟೂಲ್‌ಗೆ ಓಯ್ತದೆ. ಪಾಸಾ, ಫೇಲಾ ಅಂತ ಏಳ್ತದೆ, ಅಷ್ಟೇ."

"ಮತ್ತೆ ಮೇನ್ ಬ್ಲಾಕ್ ಅಂತ ನಮ್ಗೆಲ್ಲಾ ಕಳ್ಸಿದ್ಯಲ್ಲಾ?"

"ನಿಮ್ಗಾ?" ಕಾಂತರಾಜ ಫೋನು ತೆಗೆದು ನೋಡಿದ. ಎಲೆ ಅಡಿಕೆ, ಹೂವಿನ ಚಿತ್ರ, ಮೇನ್ ಬ್ಲಾಕ್ಡ್, ಮತ್ತೆ ಹೂವಿನ ಚಿತ್ರ. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಕಳೆದ ವಾರದ ಕೋಡುಬಳೆ, ಕಿಟಕಿ ಪಕ್ಕದ ಜಾಗ, ಕಸ್ಟಮರ್ ವೆಂಕಟರತ್ನಮ್ಮ ಎಲ್ಲ ಒಂದೊಂದಾಗಿ ಇಳಿದುಹೋದವು. "ಅಯ್ಯೋ ದೇವ್ರೇ," ಎಂದು ಅಲ್ಲೇ ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟ.

"ಮನೀಗೆ ಓಗಾನ ನಡೀರಿ," ಎಂದರು ಮುನಿಸ್ವಾಮಪ್ಪ. "ನಮ್ಗೆ ಈ ಸಂಬಂಧ ಬ್ಯಾಡ."

ಕನಕಮ್ಮ ಸೆರಗು ಬಾಯಿಗೆ ಹಿಡಿದರು. ಅವರನ್ನು ಪಕ್ಕಕ್ಕೆ ಸರಿಸಿ ಶ್ಯಾಮಲ ಒಳಗೆ ಬಂದಳು, ತಲೆ ತುಂಬ ಹೂವು, ಮೂಗಿನ ತುದಿ ಕೆಂಪು.

"ಮಾವಾ, ನೀವು ಬಂದಿದ್ದು ನನ್ನ ನೋಡೋಕಾ, ನಲ್ಲಿ ನೋಡೋಕಾ?"

ಅವಳ ಹಿಂದೆಯೇ ಬಂದಿದ್ದ ಚಿರಂಜೀವಿ ಗಂಟಲು ಸರಿಮಾಡಿಕೊಂಡ.

"ಅಪ್ಪಾ, ನಂಗೆ ಮೊದ್ಲೇ ಗೊತ್ತಿತ್ತು."

"ಏನ್ಲಾ ಗೊತ್ತಿತ್ತು?"

"ಅವ್ರು ನೀರಿನೋರಲ್ಲ ಅಂತ. ಶ್ಯಾಮಲ ಏಳಿದ್ಲು. ಮತ್ತೇನು ಕೆಲ್ಸ ಅಂತಾನೂ ಏಳಿದ್ಲು, ಅದು ನಂಗೆ ಅರ್ಥ ಆಗ್ಲಿಲ್ಲ. ನೀನು ಖುಷಿಯಾಗಿ ಒಪ್ಕೊಂಡಿದ್ಯಲ್ಲಾ, ಯಾಕ್ ಸುಮ್ನೆ ಅಂತ ಬಾಯ್ ಮುಚ್ಕೊಂಡಿದ್ದೆ."

"ಕತ್ತೆನನ್ಮಗನೇ!" ಎಂದರು ಮುನಿಸ್ವಾಮಪ್ಪ. ಅಡಿಗೆಯವರು ವಡೆ ತಿರುಗಿಸುವುದನ್ನು ಮರೆತು ನೋಡುತ್ತಿದ್ದರು.

ಅದೇ ಹೊತ್ತಿಗೆ ಛತ್ರದ ಪಡಸಾಲೆಯಿಂದ ಹಳ್ಳಿಯ ಹಿರಿಯರೊಬ್ಬರು ಕೂಗಿದರು: "ಮುನಿಸ್ವಾಮಪ್ಪೋ! ನಿಮ್ ಬೀಗರ್ನ ಕರ್ಕಂಡ್ ಬಾರಪ್ಪಾ! ನೀರು ಯಾವತ್ತು ಅಂತ ಎಲ್ಲಾರ್ ಮುಂದೆ ಏಳಿಬಿಡ್ಲಿ!" ಅವರ ಹಿಂದೆ ಹತ್ತಾರು ಜನ ಹೂಂಗುಟ್ಟಿದ್ದು ಕೇಳಿಸಿತು. ಮುನಿಸ್ವಾಮಪ್ಪ ಬಾಗಿಲ ಸಂದಿಯಿಂದ ಇಣುಕಿದರು. ಡೈರಿಗೆ ದಿನಾ ಹಾಲು ಹಾಕುವವರು ಅಷ್ಟೂ ಜನ ಅಲ್ಲಿದ್ದರು. ಮುನಿಸ್ವಾಮಪ್ಪ ಬಾಗಿಲು ಮುಚ್ಚಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಈರುಳ್ಳಿ ಮೂಟೆಯ ಮುಂದೆ ಬಂದು ನಿಂತರು.

"ಏಳಯ್ಯಾ ಮೇಲೆ. ನಿಮ್ ಕಂಪ್ನೀಲಿ ಫೇಲ್ ಆದ್ರೆ ಕೇಳಿದೋರ್ಗೆ ಏನಂತ ಏಳ್ತೀರಾ?"

"ಟೆಸ್ಟಿಂಗ್ ನಡೀತಾ ಐತೆ ಅಂತ."

"ಯಾವಾಗ ಮುಗೀತದೆ ಅಂದ್ರೆ?"

"ಮುಂದಿನ ರಿಲೀಸ್‌ಗೆ ಅಂತ."

"ಆವಾಗ್ಲೂ ಆಗ್ದಿದ್ರೆ?"

"ಅದರ ಮುಂದಿನ ರಿಲೀಸ್‌ಗೆ ಅಂತ."

"ಸರೇ," ಎಂದರು ಮುನಿಸ್ವಾಮಪ್ಪ. "ನೀನು ಪೈಪ್‌ಲೈನೋನೇ. ಇನ್ನೊಂದ್ ಮಾತಾಡ್ಬ್ಯಾಡ. ನೀನೂ ಅಷ್ಟೇ," ಎಂದು ನನ್ನ ಕಡೆ ಬೆರಳು ತೋರಿಸಿದರು. ನಾನು ಬಾಯಿಯನ್ನೇ ತೆರೆದಿರಲಿಲ್ಲ.

ಪಡಸಾಲೆಗೆ ಬಂದು ಅವರು ಟವೆಲ್ಲು ಹೆಗಲ ಮೇಲೆ ಎಸೆದು ನಿಂತರು. "ಕೇಳ್ರಪ್ಪಾ! ಪೈಪ್‌ಲೈನು ನಮ್ ಬೀಗರ ಕೈಲೇ ಐತೆ. ಸದ್ಯಕ್ಕೆ ಮೇನ್ ಬ್ಲಾಕ್ ಆಗೈತೆ. ಟೆಸ್ಟಿಂಗ್ ನಡೀತಾ ಐತೆ. ರಿಸಲ್ಟ್ ಬಂದ್ಮೇಲೆ, ಮುಂದಿನ ರಿಲೀಸ್‌ಗೆ ನೋಡಾನ."

ಒಂದೇ ಒಂದು ಸುಳ್ಳು ಮಾತು ಅದರಲ್ಲಿರಲಿಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ಯೋಚಿಸಿ ನೋಡಿದ್ದೇನೆ. ಇನ್ನೇನು ಗಲಾಟೆ ಆಗುತ್ತದೆ ಎಂದು ನಾನು ಚಪ್ಪಲಿ ಎಲ್ಲಿದೆ ನೋಡಿಕೊಂಡೆ. ಆದರೆ ಆ ಹಿರಿಯರು ಸುತ್ತಲಿನವರ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದರು.

"ನಾನು ಇಷ್ಟೊತ್ತು ಅನುಮಾನ ಪಡ್ತಿದ್ದೆ ಕಣ್ರಯ್ಯಾ. ಕೇಳಿದ್ದಕ್ಕೆಲ್ಲಾ ಆಯ್ತದೆ, ಎಲ್ಲಾರ್ಗೂ ಬತ್ತದೆ ಅಂತಿದ್ದ. ಈಗ ನೋಡಿ, ಬೀಗನ ಬಾಯಲ್ಲೇ ಎಂಗೆ ಏಳಿಸ್ದ! ಎಲ್ಲಾ ಆಫೀಸ್ನಾಗೂ ಇಂಗೇ ಏಳೋದು. ಮನುಷ್ಯ ಅಸಲೀನೇ."

"ಆಮಾ, ಕರೆಕ್ಟ್," ಎಂದ ಸುಬ್ರಮಣಿ. ಅವನ ಅನುಮಾನವೂ ತೀರಿತ್ತು. ಕಾಂತರಾಜನ ಹತ್ತಿರ ಬಂದು ಕೈ ಮುಗಿದು, ತನ್ನ ಕೆಲಸ ಪರ್ಮನೆಂಟ್ ಆಗುವ ವಿಷಯವನ್ನು ಮೇಲಿನವರ ಕಿವಿಗೆ ಸ್ವಲ್ಪ ಹಾಕಬೇಕೆಂದು ಕೇಳಿಕೊಂಡ.

ತಾಂಬೂಲ ಬದಲಾಯಿತು. ಶ್ಯಾಮಲ ಚಿರಂಜೀವಿಯ ಕಡೆ ನೋಡಿ ನಕ್ಕಳು, ಕನಕಮ್ಮ ಅತ್ತರು, ನನ್ನ ಹೆಂಡತಿ ತಾನೇ ಮಾಡಿಸಿದ ಸಂಬಂಧದ ಹಾಗೆ ಎಲ್ಲರಿಗೂ ಕುಂಕುಮ ಕೊಟ್ಟಳು. ಊಟಕ್ಕೆ ಎಲೆ ಹಾಕುವಾಗ ಛತ್ರದಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರ್ರೆಂದವು. ಎಲ್ಲರೂ ತೆಗೆದು ನೋಡಿದರು. ಮತ್ತೆ ಫೇಲು. "ಟೆಸ್ಟಿಂಗ್ ನಡೀತಾ ಐತೆ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಪಲ್ಯಕ್ಕೆ ಕೈ ಹಾಕಿದರು.

ಮುನಿಸ್ವಾಮಪ್ಪ ಎಲೆಯ ಮೇಲೆ ಬಾಗಿ, ಪಕ್ಕದಲ್ಲಿದ್ದ ಕಾಂತರಾಜನ ಕಿವಿಯಲ್ಲಿ ಮೆತ್ತಗೆ ಹೇಳಿದರು. "ಮದ್ವೆ ಒಳ್ಗೆ ಒಂದ್ ಸತಿನಾದ್ರೂ ಪಾಸ್ ಅಂತ ಕಳ್ಸಪ್ಪಾ. ಊರ್ನಾಗೆ ನಾನು ತಲೆ ಎತ್ಕೊಂಡು ಓಡಾಡ್ಬೇಕು."

"ಅದು ನನ್ ಕೈಲಿಲ್ಲ ಮಾವ," ಎಂದ ಕಾಂತರಾಜ, ಅಳುವ ದನಿಯಲ್ಲಿ. "ಪೈಪ್‌ಲೈನ್ ಮಾತ್ರ ನನ್ ಕೈಲೈತೆ. ಅದ್ರಾಗೆ ಏನ್ ಬತ್ತದೋ ಅದು ನನ್ ಕೈಲಿಲ್ಲ."

ಎದುರು ಸಾಲಿನಲ್ಲಿ ಕೂತಿದ್ದ ಸುಬ್ರಮಣಿ ಬಾಯಿ ತುಂಬ ಅನ್ನ ಇಟ್ಟುಕೊಂಡೇ ತಲೆ ಎತ್ತಿದ. "ಅಯ್ಯೋ ಸಾರ್, ನಾನು ಕೆಲ್ಸಕ್ಕೆ ಸೇರಿದಾಗ್ಲಿಂದ ಜನಕ್ಕೆ ಇದನ್ನೇ ಹೇಳ್ತಿದೀನಿ. ಯಾರೂ ನಂಬಲ್ಲ!"